ಬೇಸ್ ಗಿಟಾರಿನ ತಂತಿ ಯಾವ ಗೇಜ್‌ದು? ಅಳೆದು ನೋಡೋಣ

ಸೆಕೆಂಡ್ ಹ್ಯಾಂಡ್ ಬೇಸ್ ಬಂತು, ತಂತಿಯ ಕವರ್ ಮಾತ್ರ ಬರಲಿಲ್ಲ. ಬೆರಳಿಗೆ ಒಗ್ಗಿದ ಅದೇ ತಂತಿ ಮತ್ತೆ ಬೇಕು ಅಂದರೆ ಅಳೆಯದೆ ಬೇರೆ ದಾರಿಯಿಲ್ಲ. ಕಣ್ಣಂದಾಜು ಇಲ್ಲಿ ನಡೆಯೋದಿಲ್ಲ. 100 ಗೇಜಿನ ಇ ತಂತಿಗೂ (ನಾಲ್ಕರಲ್ಲಿ ಅತಿ ದಪ್ಪದ್ದು) 105ರ ಇ ತಂತಿಗೂ ಇರುವ ವ್ಯತ್ಯಾಸ ಬರೀ 0.127 ಮಿ.ಮೀ.

ಗೇಜ್ ಅಂದರೆ ತಂತಿಯ ವ್ಯಾಸ. ಲೆಕ್ಕ ಇಂಚಿನ ಸಾವಿರದ ಭಾಗಗಳಲ್ಲಿ. 45 ಅಂದರೆ 0.045 ಇಂಚು, ಸುಮಾರು 1.14 ಮಿ.ಮೀ. ಮಿ.ಮೀ.ನಲ್ಲಿ ಬಂದ ಅಳತೆಯನ್ನು 25.4ರಿಂದ ಭಾಗಿಸಿ 1000ದಿಂದ ಗುಣಿಸಿದರೆ ಗೇಜ್ ಸಿಗುತ್ತೆ.

ಪಿಯುಸಿ ಫಿಸಿಕ್ಸ್ ಲ್ಯಾಬಿನ ವರ್ನಿಯರ್ ಇದಕ್ಕೆ ಸಾಲದು. ಅದು ತೋರಿಸುವುದು 0.1 ಮಿ.ಮೀ.ವರೆಗೆ, ಅಂದರೆ ಹತ್ತಿರಹತ್ತಿರ 4 ಗೇಜ್; ನಮಗೆ ಪತ್ತೆಯಾಗಬೇಕಾದ ಅಂತರವೇ 5. ಅದೇ ಲ್ಯಾಬಿನ ಸ್ಕ್ರೂ ಗೇಜ್ 0.01 ಮಿ.ಮೀ. ಹಿಡಿಯುತ್ತೆ, ಆದರೆ ಬಿಗಿದ ತಂತಿಗಳ ನಡುವೆ ಕೂರೋದಿಲ್ಲ. ತಂತಿ ಸಡಿಲಿಸಿ ಮೇಲೆತ್ತಬೇಕು. 0.01 ಮಿ.ಮೀ. ತೋರಿಸುವ ಲೋಹದ ಡಿಜಿಟಲ್ ಕ್ಯಾಲಿಪರ್ ಇದ್ದರೆ ಆ ರಗಳೆಯಿಲ್ಲ. ಯಾವುದನ್ನು ಹಿಡಿದರೂ ಮೊದಲು ಪೂರ್ತಿ ಮುಚ್ಚಿ, ಸೊನ್ನೆ ಬರುತ್ತಾ ನೋಡಿ.

ಬಹಳಷ್ಟು ಜನ ಎಡವೋದು ಎಲ್ಲಿ ಅಳೆಯಬೇಕು ಅನ್ನುವಲ್ಲಿ. ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕಟ್ಟಿರುವ ಲೋಹದ ಭಾಗ) ಹತ್ತಿರ ಬೇಡ: ಕೆಲವು ತಂತಿಗಳಿಗೆ ಅಲ್ಲಿ ಬಣ್ಣದ ನೂಲು ಸುತ್ತಿರುತ್ತೆ, ಅಳತೆ ಹೆಚ್ಚು ಬರುತ್ತೆ. ಟೇಪರ್ ಮಾಡಿದ ದಪ್ಪ ತಂತಿಯಾದರೆ ಅಲ್ಲೇ ಸಣ್ಣಗಾಗಿರುತ್ತೆ, ಕಡಿಮೆ ಬರುತ್ತೆ. ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರುವ ಕಚ್ಚುಗಳ ಪಟ್ಟಿ) ಆಚೆಗೂ ಬೇಡ, ಅಲ್ಲೂ ನೂಲಿರಬಹುದು. ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ತಾಗುವ ಜಾಗದಲ್ಲಿ ತಂತಿಯ ಹೊಟ್ಟೆ ಸವೆದು ಚಪ್ಪಟೆಯಾಗಿರುತ್ತೆ. ಉಳಿದ ಒಳ್ಳೆಯ ಜಾಗ ಅಂದರೆ ಕೊನೆಯ ಫ್ರೆಟ್ ದಾಟಿ, ಪಿಕಪ್ (ತಂತಿಯ ಕಂಪನ ಹಿಡಿಯುವ ಮ್ಯಾಗ್ನೆಟ್ ಭಾಗ) ಶುರುವಾಗುವ ಮುಂಚೆ. ಪ್ರಿಸಿಷನ್ ಅನ್ನುವ ಮಾದರಿಯ ಬೇಸ್‌ನಲ್ಲಿ ಅಲ್ಲಿ ಧಾರಾಳ ಜಾಗವಿದೆ. ಜಾಝ್ ಮಾದರಿಯ ಬೇಸ್‌ನಲ್ಲಿ ಎರಡು ಪಿಕಪ್‌ಗಳ ನಡುವೆ ಅಳೆಯಬಹುದು. ಪಿಕಪ್ ನೆತ್ತಿಯ ಮೇಲೆ ಮಾತ್ರ ಹೋಗಬೇಡಿ, ಮ್ಯಾಗ್ನೆಟ್ ಸ್ಟೀಲ್ ಕ್ಯಾಲಿಪರನ್ನು ಎಳೆದುಕೊಳ್ಳುತ್ತೆ.

ತಂತಿಯನ್ನು ಒಣ ಬಟ್ಟೆಯಿಂದ ಒರೆಸಿ, ಬೆವರಿನ ಜಿಡ್ಡೂ ಅಳತೆಗೆ ಸೇರುತ್ತೆ. ಕ್ಯಾಲಿಪರ್ ದವಡೆಯ ತುದಿಯಲ್ಲಿ ಕಚ್ಚಿಸಬೇಡಿ. ರೌಂಡ್‌ವೂಂಡ್ (ಗುಂಡನೆಯ ಲೋಹದೆಳೆ ಸುತ್ತಿದ) ತಂತಿಯಲ್ಲಿ ಆ ಚೂಪು ಸುತ್ತುಗಳ ಸಂದಿಗೆ ಇಳಿದುಬಿಡುತ್ತೆ. ಅಗಲವಾದ ಭಾಗ ನಾಲ್ಕಾರು ಸುತ್ತುಗಳ ಮೇಲೆ ಕೂರಲಿ. ಬಿಗಿಯಾಗಿ ಒತ್ತಬೇಡಿ: ಕ್ಯಾಲಿಪರ್ ತಂತಿಯ ಮೇಲೆ ಸ್ವಲ್ಪ ತಡೆಯುತ್ತಾ ಜಾರುವಷ್ಟು ಸಾಕು. ಪ್ರತಿ ತಂತಿಯನ್ನೂ ಮೂರು ಕಡೆ ಅಳೆದು ಬರೆದಿಟ್ಟುಕೊಳ್ಳಿ.

ಜಿ, ಡಿ, ಎ, ಇ ಕ್ರಮದಲ್ಲಿ 1.13, 1.64, 2.02, 2.53 ಬಂತು ಅನ್ನಿ. ಲೆಕ್ಕ ಹಾಕಿದರೆ 44.5, 64.6, 79.5, 99.6. ಇದು 45-65-80-100ರ ಸೆಟ್. ಒಂದೆರಡು ಗೇಜ್ ಆಚೀಚೆ ಬಂದರೆ ತಲೆಕೆಡಿಸಿಕೊಳ್ಳಬೇಡಿ, ಹತ್ತಿರದ ಸೆಟ್‌ಗೆ ಹೊಂದಿಸಿ. 45-65-85-105 ಇನ್ನೊಂದು ಬಹು ಬಳಕೆಯ ಸೆಟ್. ಈ ಎರಡರಲ್ಲೂ ಜಿ, ಡಿ ಒಂದೇ, ಹಾಗಾಗಿ ಜಿ ಒಂದನ್ನೇ ಅಳೆದು ತೀರ್ಮಾನಕ್ಕೆ ಬಂದರೆ ಕೆಟ್ಟಿರಿ. ಸೆಟ್ ಯಾವುದು ಅಂತ ಹೇಳೋದು ಎ ಮತ್ತು ಇ. 40-60-75-95 ಹಗುರದ್ದು, 50-70-85-105 ಮತ್ತು 55-75-90-110 ದಪ್ಪನೆಯವು. ನಾಲ್ಕು ತಂತಿಯ ಬೇಸ್‌ನಲ್ಲೇ 3.3 ಮಿ.ಮೀ. ಬಂದರೆ ಗಾಬರಿ ಬೇಡ. ಅದು 130ರ ಬಿ ತಂತಿ (ಐದು ತಂತಿಯ ಬೇಸಿನ ಅತಿ ದಪ್ಪದ್ದು), ಹಿಂದಿನವರು ಬಿ-ಇ-ಎ-ಡಿ ಟ್ಯೂನಿಂಗ್‌ಗೆ ಹಾಕಿರುತ್ತಾರೆ. ಯಾವ ಸೆಟ್‌ಗೂ ಹೊಂದದಿದ್ದರೆ ತುಂಡಾದ ಒಂದನ್ನು ಬಿಡಿಯಾಗಿ ಬದಲಿಸಿರುವ ಸಾಧ್ಯತೆ ಹೆಚ್ಚು.

ಅಂಗಡಿಯಲ್ಲಿ ಮೀಡಿಯಂ, ಲೈಟ್ ಅನ್ನುವ ಹೆಸರು ನಂಬಬೇಡಿ, ಕಂಪನಿಯಿಂದ ಕಂಪನಿಗೆ ಅದು ಬದಲಾಗುತ್ತೆ. ಅಂಕಿಗಳನ್ನೇ ಹೇಳಿ, ಜೊತೆಗೆ ಸ್ಕೇಲ್ ಉದ್ದವನ್ನೂ (ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ). 34 ಇಂಚಿನ ಬೇಸ್‌ಗೆ ಶಾರ್ಟ್ ಸ್ಕೇಲ್ ತಂತಿ ಎಟುಕದು. ರೌಂಡ್‌ವೂಂಡ್ ಇದ್ದ ಕಡೆ ಅದೇ ಗೇಜಿನ ಫ್ಲಾಟ್‌ವೂಂಡ್ (ಚಪ್ಪಟೆ ಎಳೆ ಸುತ್ತಿದ್ದು) ಹಾಕಿದರೂ ಬಿಗಿ ಬೇರೆಯೇ ಆಗಬಹುದು, ಯಾಕೆಂದರೆ ಬಿಗಿಯನ್ನು ನಿರ್ಧರಿಸೋದು ದಪ್ಪವಲ್ಲ, ತಂತಿಯ ತೂಕ. ಬೇಕೆಂದೇ ದಪ್ಪಕ್ಕೆ ಹೋಗುವುದಾದರೆ ನಟ್‌ನ ಕಚ್ಚುಗಳನ್ನು ನೋಡಿಕೊಳ್ಳಿ. 100ಕ್ಕೆ ಕೊರೆದ ಕಚ್ಚಿನಲ್ಲಿ 110 ಪೂರ್ತಿ ಇಳಿಯದೆ ಮೇಲೇ ನಿಂತರೆ, ಮೊದಲ ಫ್ರೆಟ್ ಒತ್ತಿದಾಗ ಸ್ವರ ಏರಿ ಕೇಳಿಸುತ್ತೆ. ಆಗ ಟ್ಯೂನಿಂಗ್ ಕೀಲಿ ಎಷ್ಟು ತಿರುಗಿಸಿದರೂ ಸರಿಹೋಗೋದಿಲ್ಲ, ಕಚ್ಚನ್ನೇ ಅರದಿಂದ ಅಗಲ ಮಾಡಿಸಬೇಕು.