ಗ್ಯಾರೇಜಿನ ಬ್ಯಾರೆಲ್ಲಿನಲ್ಲಿ ಹುಳಿ ಬಿಯರ್: ನನ್ನ ಅನುಭವ

ಯೀಸ್ಟ್ ಪ್ಯಾಕೆಟ್ ಒಂದನ್ನೂ ಒಡೆಯದೆ, ಗಾಳಿಯನ್ನೇ ನಂಬಿಕೊಂಡು ಬ್ಯಾರೆಲ್ ತುಂಬಿಸ್ತೀನಿ ಅಂದಾಗ ನಮ್ಮ ಹೋಂಬ್ರೂ ಬಳಗದಲ್ಲಿ ನಕ್ಕವರೇ ಹೆಚ್ಚು. ಗಾಳಿಯ ಯೀಸ್ಟಿನಿಂದಲೇ ಹುಳಿ ಬಿಯರ್ ಮಾಡುವ ಬ್ರಸೆಲ್ಸ್ ಗಾಳಿ ಬೇರೆ, ನಮ್ಮೂರು ಬೀವರ್ಟನ್ ಗಾಳಿ ಬೇರೆ, ನಿನಗೆ ಸಿಗೋದು ವಿನೆಗರ್ ಅಂದರು. ಇದೇ ಒರೆಗಾನ್‌ನ ಟಿಲ್ಲಮೂಕ್‌ನಲ್ಲಿ ಡಿ ಗಾರ್ಡ್ ಬ್ರೂವರಿಯವರು ಊರಿನ ಗಾಳಿಯಿಂದಲೇ ಹುಳಿ ಬರಿಸುತ್ತಾರಲ್ಲ ಅಂದರೆ, ಅದು ಕಡಲತೀರ, ಇದು ಅಪಾರ್ಟ್‌ಮೆಂಟುಗಳ ಊರು ಅಂತ ಉತ್ತರ. ಈಗ ಅದೇ ಜನ ಬಾಟಲಿ ಕೇಳಿಕೊಂಡು ಮನೆಗೆ ಬರುತ್ತಾರೆ.

ಮೊದಲ ಬ್ಯಾರೆಲ್ ಮಾತ್ರ ನಿಜಕ್ಕೂ ವಿನೆಗರ್ ಆಯಿತು. ವಿಲಮೆಟ್ ಕಣಿವೆಯಲ್ಲಿ ಪಿನೋ ನ್ವಾರ್ (ಕೆಂಪು ವೈನ್) ವೈನರಿಗಳಿಗೇನು ಬರ, ಹಳೇ ಬ್ಯಾರೆಲ್ ಸುಮಾರು 120 ಡಾಲರಿಗೆ ಸಿಗುತ್ತೆ. ನನಗೆ ಮಾರಿದವನು ಅದನ್ನು ಎಷ್ಟು ಕಾಲ ಬಿಸಿಲಿಗೆ ಹಾಕಿದ್ದನೋ, ಹಲಗೆಗಳ ನಡುವೆ ಬೆಳಕು ಕಾಣುತ್ತಿತ್ತು. ಎರಡು ದಿನ ಬಿಸಿನೀರು ತುಂಬಿಸಿಟ್ಟು, ಸೋರುವ ಕಡೆ ಮೇಣ ಮೆತ್ತಿ ಹೇಗೋ ನಿಲ್ಲಿಸಿದೆ. ಬೇಸಿಗೆ ಬಂತು, ಗ್ಯಾರೇಜು 35 ಡಿಗ್ರಿ ದಾಟಿತು, ಬಿಯರ್ ಇಂಗಿ ಮೇಲೆ ಖಾಲಿ ಜಾಗ ಬಿತ್ತು. ಬಿಯರನ್ನು ವಿನೆಗರ್ ಮಾಡುವ ಅಸಿಟೋಬ್ಯಾಕ್ಟರ್ ಬ್ಯಾಕ್ಟೀರಿಯಾಕ್ಕೆ ಅಷ್ಟು ಗಾಳಿ ಸಾಕು. ಒಂದು ಕ್ಯಾನ್ ಉಪ್ಪಿನಕಾಯಿಗೆ ಹೋಯಿತು, ಮಿಕ್ಕಿದ್ದು ಚರಂಡಿಗೆ. ಮಾಲ್ಟು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಪ್ರೊಪೇನು ಎಲ್ಲ ಸೇರಿ 350-400 ಡಾಲರ್ ಕೈಬಿಟ್ಟಿತು. ಮನೆಯಲ್ಲಿ ಏನು ಕೇಳಿಸಿಕೊಂಡೆ ಅನ್ನೋದು ಬೇಡ.

ಎರಡನೇ ಸಲ ಬ್ಯಾರೆಲ್ ತರುವ ಮೊದಲೇ ಗಾಳಿಯನ್ನು ಪರೀಕ್ಷೆ ಮಾಡಿದೆ. ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಹಾಕಿ ಕುದಿಸಿದ ತೆಳು ವರ್ಟನ್ನು (ಮಾಲ್ಟಿನ ಸಿಹಿ ರಸವನ್ನು) ಜಾಡಿಗಳಿಗೆ ತುಂಬಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಹಿತ್ತಲಿನ ಬೇರೆ ಬೇರೆ ಮೂಲೆಯಲ್ಲಿ ಒಂದು ರಾತ್ರಿ ಇಟ್ಟು, ಆಮೇಲೆ ಒಳಗಿನ ಗ್ಯಾಸ್ ಬಿಟ್ಟು ಹೊರಗಿನ ಗಾಳಿ ತಡೆಯುವ ಏರ್‌ಲಾಕ್ ಹಾಕಿದೆ. ಅರ್ಧಕ್ಕರ್ಧ ಬೂಷ್ಟು ಹಿಡಿದವು, ಕೆಲವು ಕೊಳೆತ ಎಲೆಕೋಸಿನ ನಾತ. ಒಂದೆರಡು ಮಾತ್ರ ಹಣ್ಣಿನ ಘಮ ಬಿಟ್ಟವು. ಯಾವ ಮೂಲೆಯ ಜಾಡಿ ಗೆದ್ದಿತು ಅನ್ನೋದು ನನ್ನ ಹತ್ತಿರವೇ ಇರಲಿ.

ಮ್ಯಾಶ್ (ಧಾನ್ಯವನ್ನು ಬಿಸಿನೀರಲ್ಲಿ ನೆನೆಸಿ ಸಿಹಿ ತೆಗೆಯೋದು) ಬ್ರಸೆಲ್ಸ್ ಕಡೆಯ ಹುಳಿ ಬಿಯರ್ ಲ್ಯಾಂಬಿಕ್‌ನ ಹಳೇ ಪದ್ಧತಿ: 60 ಭಾಗ ತಿಳಿಬಣ್ಣದ ಪಿಲ್ಸ್ ಮಾಲ್ಟು, 40 ಭಾಗ ಮೊಳಕೆ ಬರಿಸದ ಗೋಧಿ, ಟರ್ಬಿಡ್ ಮ್ಯಾಶ್ (ಮಬ್ಬು ರಸ ತೆಗೆದು ಬಿಸಿ ಮಾಡಿ ಮತ್ತೆ ಸೇರಿಸೋದು), ನಾಲ್ಕು ಗಂಟೆ ಕುದಿ. ಹಾಪ್ಸ್ ಅಟ್ಟದ ಮೇಲೆ ಕಾಗದದ ಚೀಲದಲ್ಲಿ ಮೂರು ವರ್ಷ ಹಳಸಿದ್ದು, ಕಹಿ ಹೋಗಿ ಚೀಸ್ ವಾಸನೆ ಬಂದದ್ದು. ಪ್ರಮಾಣ ಹೇಳುವುದಿಲ್ಲ, ಬೆಲ್ಜಿಯಂನವರು ಹಾಕುವುದಕ್ಕಿಂತ ನಾನು ಕಮ್ಮಿ ಹಾಕುತ್ತೇನೆ ಅಂತಷ್ಟೇ ತಿಳಿಯಿರಿ.

ಕುದಿಸಿದ ವರ್ಟ್ ತೆರೆದಿಟ್ಟು ತಣಿಸುವಾಗಲೇ ಗಾಳಿಯ ಯೀಸ್ಟ್ ಬೀಳೋದು, ಎಡವೋದೆಲ್ಲ ಆಗಲೇ. ಬ್ರಸೆಲ್ಸ್‌ನ ಲ್ಯಾಂಬಿಕ್ ಬ್ರೂವರಿ ಕ್ಯಾಂಟಿಯೋನ್‌ನ ಅಗಲದ ತಾಮ್ರದ ತೊಟ್ಟಿ ನೋಡಿ ಎಲ್ಲರೂ ಸ್ಟೀಲ್ ಟ್ರೇ ಕೊಳ್ಳುತ್ತಾರೆ. ಅಲ್ಲಿ ಸಾವಿರಾರು ಲೀಟರ್ ಇರುತ್ತೆ, ಇಡೀ ರಾತ್ರಿ ನಿಧಾನಕ್ಕೆ ಆರುತ್ತೆ. ನಮ್ಮ 50 ಲೀಟರನ್ನು ಟ್ರೇಗೆ ಸುರಿದರೆ ಎರಡು ಗಂಟೆಯಲ್ಲಿ ತಣ್ಣಗೆ. ಕುದಿಸಿದ ಆಳದ ಪಾತ್ರೆಯಲ್ಲೇ ಬಿಡಿ, ಪಕ್ಕಕ್ಕೆ ಕಂಬಳಿ ಸುತ್ತಿ, ಮುಚ್ಚಳ ಮಾತ್ರ ತೆಗೆಯಿರಿ. ರಾತ್ರಿ 2ರಿಂದ 5 ಡಿಗ್ರಿ ಇರಬೇಕು. ನಮ್ಮಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಅಂಥ ರಾತ್ರಿಗಳಿಗೆ ಕೊರತೆಯಿಲ್ಲ. ಇಡುವ ಮೊದಲೇ ಲ್ಯಾಕ್ಟಿಕ್ ಆಸಿಡ್ ಹಾಕಿ ಪಿಹೆಚ್ 4.5ಕ್ಕೆ ಇಳಿಸುತ್ತೇನೆ, ಕೊಳೆತ ನಾತ ತರುವ ಎಂಟರೋಬ್ಯಾಕ್ಟರ್ ಬ್ಯಾಕ್ಟೀರಿಯಾದ ಕಾಟ ಅಲ್ಲಿಗೆ ಮುಗಿಯಿತು. ಸಂಪ್ರದಾಯವಾದಿಗಳು ಮುಖ ಸಿಂಡರಿಸಲಿ.

ಚಳಿಗಾಲವೆಲ್ಲ ಹೀಗೆ ಮಾಡಿದ್ದನ್ನು ಕಾರ್‌ಬಾಯ್‌ಗಳಲ್ಲಿ (ದೊಡ್ಡ ಬುರುಡೆ ಜಾಡಿಗಳಲ್ಲಿ) ಸೇರಿಸಿ, 225 ಲೀಟರ್ ಆದಮೇಲೆ ಒಂದೇ ಸಲ ಬ್ಯಾರೆಲ್ಲಿಗೆ. ಅರ್ಧ ತುಂಬಿದ ಬ್ಯಾರೆಲ್ ಬೇಡವೇ ಬೇಡ. ಬಂಗ್ (ಬ್ಯಾರೆಲ್ಲಿನ ಬಿರಡೆ) ತೆಗೆದು ರುಚಿ ನೋಡುವ ಚಟವೂ ಬಿಟ್ಟೆ: ಕ್ಯಾಲಿಫೋರ್ನಿಯಾದ ರಷ್ಯನ್ ರಿವರ್ ಬ್ರೂವರಿಯ ವಿನ್ನಿ ಸಿಲುರ್ಜೋ ಹೇಳಿಕೊಟ್ಟಂತೆ ಮುಂಭಾಗದ ಹಲಗೆಗೆ ಸಣ್ಣ ತೂತು ಕೊರೆದು ಸ್ಟೇನ್‌ಲೆಸ್ ಮೊಳೆ ಹೊಡೆದಿದ್ದೇನೆ. ಮೊಳೆ ಕಿತ್ತರೆ ಗ್ಲಾಸಿಗೆ ಸಣ್ಣ ಧಾರೆ, ಒಳಗೆ ಬಿಯರಿನ ಮೇಲೆ ಕಟ್ಟಿದ ಕೆನೆಪದರ, ಪೆಲಿಕಲ್, ಅಲುಗುವುದಿಲ್ಲ.

ಬೇಸಿಗೆಗೆ ಹುಳಿ ಬರಿಸುವ ಪೀಡಿಯೊಕಾಕಸ್ ಬ್ಯಾಕ್ಟೀರಿಯಾ ಎದ್ದು ಬಿಯರ್ ಬೆಂಡೆಕಾಯಿ ಲೋಳೆಯಂತೆ ನೂಲು ಬಿಟ್ಟಿತು. ಗೆಳೆಯನೊಬ್ಬ ಚೆಲ್ಲು ಅಂದ. ಲೋಳೆ ತಿಂದು ಹಾಕುವ ಕಾಡು ಯೀಸ್ಟ್ ಬ್ರೆಟ್ ಇರುವ ತನಕ ಚೆಲ್ಲಬಾರದು. ಮುಂದಿನ ಮಳೆಗಾಲಕ್ಕೆ ಲೋಳೆ ಮಾಯ, ಪಿಹೆಚ್ 3.4ರ ಹತ್ತಿರ, ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ) 1.004ರ ಆಸುಪಾಸು, ಅಂದರೆ ಸಕ್ಕರೆ ಬಹುಪಾಲು ಮುಗಿದಿದೆ, ನಿಂಬೆ ಸಿಪ್ಪೆ, ಒಣಹುಲ್ಲಿನ ವಾಸನೆ. ಒಂದೂವರೆ ವರ್ಷಕ್ಕೆ ಮೂರನೇ ಒಂದು ಭಾಗ ತೆಗೆದು, ಹೊಸದನ್ನು ತುಂಬಿಸಿದೆ. ಅಂದಿನಿಂದ ಬ್ಯಾರೆಲ್ ಖಾಲಿಯಾದದ್ದಿಲ್ಲ.

ತೆಗೆದ 75 ಲೀಟರಿಗೆ ನೂರು ಶಾಂಪೇನ್ ಬಾಟಲಿ ಬೇಕಾಯಿತು. ದುಬಾರಿ ಅಂದರೆ ಅದೇ, ಕಾರ್ಕು-ತಂತಿ ಸೇರಿ 250 ಡಾಲರಿನಷ್ಟು; ಧಾನ್ಯಕ್ಕೂ ಅಷ್ಟು ಆಗಲಿಲ್ಲ. ಸಾದಾ ಬಿಯರ್ ಬಾಟಲಿಯಲ್ಲಿ ಉಳಿಸಲು ಹೋಗಬೇಡಿ, ಸಿಡಿಯುತ್ತೆ. ಎಲ್ಲ ಲೆಕ್ಕ ಹಾಕಿದರೆ ಬಾಟಲಿಗೆ ಐದಾರು ಡಾಲರ್. ಅಂಗಡಿಯಲ್ಲಿ ಇಂಥದ್ದಕ್ಕೆ 25 ಕೊಡಬೇಕು. ಮಾರುವ ಹಾಗಿಲ್ಲ, ವಯಸ್ಕರಿಬ್ಬರ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿಯೂ ಇದೆ. ಬ್ಯಾರೆಲ್ 60 ಗ್ಯಾಲನ್, ಚಿಂತೆಯಿಲ್ಲ.

ಬಾಟಲಿ ಮಾಡಿದ ತಿಂಗಳಿಗೆ ಗುಟುಕು ನುಂಗಿದ ಮೇಲೆ ನಾಲಿಗೆಯ ಹಿಂದೆ ಇಲಿಗೂಡಿನ ವಾಸನೆ. ಮೂಲೆಗಿಟ್ಟು ಮರೆತೆ, ನಾಲ್ಕೈದು ತಿಂಗಳಲ್ಲಿ ತಾನೇ ಹೋಯಿತು.

ನಡುವೆ ಗೋಧಿಗೆ ಬದಲು ರಾಗಿ ಹಾಕಿಯೂ ನೋಡಿದೆ. ಮೊದಲು ಅಂಬಲಿಯಂತೆ ಬೇಯಿಸಿ ಸೇರಿಸಿದ್ದಕ್ಕೆ ಮ್ಯಾಶ್ ಪಾತ್ರೆ ಸಿಮೆಂಟಿನಂತೆ ಕಟ್ಟಿತು. ಭತ್ತದ ಹೊಟ್ಟು ಹೆಚ್ಚಿಗೆ ಹಾಕದೆ ಆ ಕಡೆ ಹೋಗಬೇಡಿ. ಪುನರ್ಪುಳಿ ಕೈಹಿಡಿಯಿತು. ಊರಿಂದ ಬಂದ ಒಣ ಸಿಪ್ಪೆ, ಲೀಟರಿಗೆ 8-10 ಗ್ರಾಂ, ಎರಡು ವಾರ. ಹಳೇ ಬಿಯರಿಗೆ ಹಾಕಿದರೆ ಹುಳಿಯ ಮೇಲೆ ಹುಳಿ, ಹಲ್ಲು ಜುಂ ಅನ್ನುತ್ತೆ. ಇನ್ನೂ ಹುಳಿಯೇರದ ಆರು ತಿಂಗಳ ಬಿಯರಿಗೆ ಹಾಕಿ. ಬಣ್ಣ ಪಿನೋ ನ್ವಾರನ್ನೇ ನಾಚಿಸುತ್ತೆ. ಈ ಸಲ ಅದರದ್ದೇ 20 ಲೀಟರ್ ಇಟ್ಟಿದ್ದೇನೆ, ಮಾರ್ಚಿನಲ್ಲಿ ಬಾಟಲಿಗೆ.