ವ್ಯಾಸಪೀಠದ ಮೇಲೆ ಕಾದಂಬರಿ, ಕೈಯಲ್ಲಿ ಕುಲಾವಿ

"ಓದಾಕ ಕೂತ್ರ ಓದು, ಹೆಣ್ಯಾಕ ಕೂತ್ರ ಹೆಣಿ. ಎರಡೂ ಹಿಡದ್ರ ಎರಡೂ ಕೆಡಸ್ತಿ." ಇದು ನಮ್ಮ ಅತ್ತೆಯ ಮಾತು. ಬಾಜೂ ಮನೆ ವೈನಿಯೂ ಜೊತೆಗೆ ನಕ್ಕಿದ್ದರು. ಈಗ ಇಬ್ಬರಿಗೂ ಲೆಕ್ಕ ಒಪ್ಪಿಸಿದ್ದೇನೆ: 7 ದಿನ, 4 ಕುಲಾವಿ (ಕೂಸಿನ ಟೋಪಿ), 2 ಜೊತೆ ಕೂಸಿನ ಕಾಲುಚೀಲ, ಒಂದು ಮೊಬೈಲ್ ಚೀಲ. ಕಾದಂಬರಿ ಎರಡು ಪೂರ್ತಿ, ಮೂರನೆಯದು ಅರ್ಧ.

ಆಷಾಢದ ಮಳೆ ಹಿಡಿದಿತ್ತು. ಬೆಳಗಾವಿ ಮಳೆ ನಿಮಗೆ ಗೊತ್ತಲ್ಲ, ಹಿಡಿದರೆ ಬಿಡೋದಿಲ್ಲ. ನಾದಿನಿಗೆ ದಿನ ತುಂಬಿತ್ತು, ಕುಲಾವಿ ಬೇಕೇ ಬೇಕು. ಲೈಬ್ರರಿ ಪುಸ್ತಕ ವಾಪಸ್ ಕೊಡೋ ತಾರೀಖೂ ಹತ್ತಿರ ಬಂದಿತ್ತು. ಹಾಗಾಗಿ ಎರಡನ್ನೂ ಒಟ್ಟಿಗೆ ಮಾಡೋಣ ಅಂತ ಕೂತೆ.

ಮೊದಲ ಎರಡು ದಿನ ಪೂರಾ ಹಾಳು. ಐದು ಕಡ್ಡಿ ಹಾಕಿ ಗುಂಡಗೆ ಹೆಣೆಯಲು ಹೋದೆ. ಸೀದಾ ಕುಣಿಕೆ ಒಂದೇ ಬರುತ್ತೆ, ಉಲ್ಟಾ ಕುಣಿಕೆ ಹಾಕೋದಿರಲ್ಲ, ನೋಡೋದೇ ಬೇಡ ಅನ್ನೋದು ನನ್ನ ಲೆಕ್ಕ. ಆದರೆ ಕಡ್ಡಿ ಬದಲಿಸುವಾಗ ನೋಡಲೇಬೇಕಲ್ಲ! ಪುಸ್ತಕದಲ್ಲಿ ಜಗಳ ಶುರುವಾದ ಹೊತ್ತಿಗೆ ಒಂದು ಕಡ್ಡಿ ಸರ್ರಂತ ಜಾರಿ ನೆಲಕ್ಕೆ ಬಿತ್ತು, ಅದರ ಹಿಂದೆ 18 ಕುಣಿಕೆ. ಎಲ್ಲಾ ಬಿಚ್ಚಿದೆ. ಅಲ್ಯೂಮಿನಿಯಂ ಕಡ್ಡಿ ಈ ಕೆಲಸಕ್ಕೆ ಬರೋದಿಲ್ಲ, ತೀರಾ ನುಣುಪು. ಖಡೇಬಜಾರಿಗೆ ಹೋಗಿ ಬಿದಿರಿನ ಜೋಡಿ ತಂದೆ, 8 ನಂಬರಿನದು. 150 ರೂಪಾಯಿಯೋ ಏನೋ ಹೋಯ್ತು. ಉಲನ್ನಿಗೆ ಮುನ್ನೂರು ಚಿಲ್ಲರೆ.

ಆಮೇಲೆ ಗುಂಡಗೆ ಹೆಣೆಯೋದು ಬಿಟ್ಟು ಎರಡೇ ಕಡ್ಡಿಯಲ್ಲಿ ಹೋಗಿ ಬಂದು ಅಡ್ಡಕ್ಕೇ ಹೆಣೆದೆ. 72 ಕುಣಿಕೆ, ಎರಡೂ ಕಡೆ ಸೀದಾ, ಉಲ್ಟಾ ಇಲ್ಲವೇ ಇಲ್ಲ. ಬೆರಳಿಗೇ ಗೊತ್ತಾಗುತ್ತೆ. ಒಂದೂವರೆ ಪುಟಕ್ಕೆ ಸುಮಾರು ಒಂದು ಸಾಲು. ನೆತ್ತಿ ಹತ್ತಿರ ಕುಣಿಕೆ ಕಡಿಮೆ ಮಾಡುವಾಗ ಮಾತ್ರ ಪುಸ್ತಕ ಮುಚ್ಚಬೇಕು, ಅಲ್ಲಿ ಜಾಣತನ ಬೇಡ. ಎಷ್ಟನೇ ಸಾಲು ಅಂತ ನೋಡದೇ ತಿಳಿಯಲು ನಾನೊಂದು ಗುರುತು ಮಾಡಿಕೊಂಡಿದ್ದೇನೆ. ಅದನ್ನ ವೈನಿಗೂ ಹೇಳಿಲ್ಲ, ನಿಮಗೂ ಹೇಳಲ್ಲ.

ಪುಸ್ತಕ ನಿಲ್ಲಿಸೋದೇ ದೊಡ್ಡ ತಲೆನೋವು. ನಮ್ಮ ಸಣ್ಣ ಕಾದಂಬರಿಗಳ ಬೈಂಡಿಂಗ್ ಬಿಗಿ, ಕೈ ಬಿಟ್ಟರೆ ಪಟ್ಟಂತ ಮುಚ್ಚಿಕೊಳ್ಳುತ್ತೆ. ಮಾವನವರ ಪಾರಾಯಣದ ಪುಸ್ತಕ ಇಡೋ ವ್ಯಾಸಪೀಠ ಅಟ್ಟದ ಮೇಲಿತ್ತು. ಒರೆಸಿ ತಂದು, ಪುಸ್ತಕ ಇಟ್ಟು, ಎರಡೂ ಕಡೆ ಬಟ್ಟೆ ಒಣಹಾಕೋ ಕ್ಲಿಪ್ ಹಾಕಿದೆ. ಸಾಲು ಮುಗಿದಾಗಲೇ ಹಾಳೆ ತಿರುವೋದು, ನಡುವೆ ಇಲ್ಲ. 'ಪರ್ವ'ದಂಥ ದಪ್ಪ ಪುಸ್ತಕಕ್ಕೆ ಕ್ಲಿಪ್ಪೇ ಬೇಡ, ನಡುವೆ ತೆರೆದರೆ ತಾನೇ ಮಲಗುತ್ತೆ. ಆದರೆ ಅದರಲ್ಲಿ ಪಾತ್ರಗಳು ಮನಸ್ಸಿನಲ್ಲೇ ಪುಟಗಟ್ಟಲೆ ನೆನಪು ಮಾಡಿಕೊಳ್ಳುತ್ತವೆ. ಒಮ್ಮೆ ಕಣ್ಣು ಕೈ ಕಡೆ ಹೋದರೆ ಎಲ್ಲಿದ್ದೆ ಅಂತ ಹುಡುಕಬೇಕು. ಅದೇ ಅರ್ಧಕ್ಕೆ ನಿಂತದ್ದು. ಕಂಬಾರರ 'ಕರಿಮಾಯಿ' ಮಾತ್ರ ಕೈಗೂ ಕಣ್ಣಿಗೂ ಸರಿಹೋಯ್ತು. ಅವರು ನಮ್ಮ ಹುಕ್ಕೇರಿ ತಾಲೂಕಿನ ಘೋಡಗೇರಿಯವರು. ಭಾಷೆ ನಮ್ಮ ಕಡೆಯದು, ಅರ್ಧ ಸಾಲು ಕಿವಿಯಿಂದಲೇ ಓದಿದ ಹಾಗಾಗುತ್ತೆ.

ಇನ್ನೊಂದು ಪತ್ತೇದಾರಿ ಕಾದಂಬರಿ. ಒಂದು ಕಾಲುಚೀಲ ಹೆಣೆಯುವಾಗ ಮದುವೆ ಮಾತುಕತೆ ನಡೆದಿತ್ತು, ಎರಡನೆಯದಕ್ಕೆ ಕೊಲೆ. ಮುಗಿಸಿ ಜೋಡಿ ಇಟ್ಟು ನೋಡಿದರೆ ಕೊಲೆಯದು ಅರ್ಧ ಬೆರಳು ಚಿಕ್ಕದು! ಅಷ್ಟೇ ಕುಣಿಕೆ, ಅಷ್ಟೇ ಸಾಲು. ಗೊತ್ತಾಗದೇ ದಾರ ಬಿಗಿ ಎಳೆದಿದ್ದೇನೆ. ಈಗ ಜೋಡಿ ವಸ್ತುವಿಗೆ ಪತ್ತೇದಾರಿ ಬಂದ್.

ನಡುವೆ ಸುಮ್ನೆ ಒಂದು ಪ್ರಯೋಗ. ಯಜಮಾನರ ಕಾಲೇಜು ಕಾಲದ ಸ್ವೆಟರ್ ಬಿಚ್ಚಿದೆ. ದಾರ ಮ್ಯಾಗಿ ಹಾಗೆ ಸುರುಳಿ ಸುರುಳಿ. ಕುರ್ಚಿ ಬೆನ್ನಿಗೆ ಸುತ್ತಿ, ಲಡಿ ಕಟ್ಟಿ, ಉಗುರುಬೆಚ್ಚನೆ ನೀರಲ್ಲಿ ನೆನೆಸಿ, ಕೆಳಗೆ ತಂಬಿಗೆ ಕಟ್ಟಿ ಜೋತುಬಿಟ್ಟೆ. ಸುರುಳಿ ಹೋಯ್ತು, ಆದರೆ ಈ ಮಳೆಯಲ್ಲಿ ಒಣಗಲು ಮೂರು ದಿನ. ಕಾಲು ಕಿಲೋಗಿಂತ ಜಾಸ್ತಿ ದಾರ ಬಿಟ್ಟಿ ಸಿಕ್ತಲ್ಲ. ಆ ಖುಷಿಯಲ್ಲಿ ಒಂದು ಕುಲಾವಿಗೆ ಇಸ್ತ್ರಿ ತಾಗಿಸಿದೆ, ನೆಟ್ಟಗಾಗಲಿ ಅಂತ. ಅದರ ಉಲನ್ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ಜಾತಿಯ ದಾರ ಅನ್ನೋದು ಮರೆತೇ ಹೋಗಿತ್ತು. ಉಬ್ಬೆಲ್ಲ ಇಳಿದು ಜೋಲು ಬಿತ್ತು, ಹಸಿ ಹಪ್ಪಳದ ಹಾಗೆ. ಈಗ ಅದು ಬಿಸಿ ಪಾತ್ರೆ ಹಿಡಿಯೋಕೂ ಬರಲ್ಲ, ಕಾವಿಗೆ ಕರಗುತ್ತೆ.

ಉಳಿದ ಮೂರರಲ್ಲಿ ಒಂದು ನಾದಿನಿಗೆ. ಎರಡನ್ನು ವೈನಿಯೇ ತಂಗಿ ಮನೆಗೆ ಅಂತ ಒಂದಕ್ಕೆ 120 ಕೊಟ್ಟು ತಗೊಂಡರು, ನಕ್ಕಿದ್ದ ವೈನಿ! ಖರ್ಚು ಇನ್ನೂ ಹೊರಟಿಲ್ಲ, ಆದರೆ ಕಡ್ಡಿ ಉಳಿದಿದೆ, ಎರಡು ಉಂಡೆ ಉಲನ್ನೂ ಇದೆ.

ಶ್ರಾವಣ ಬಂತು, ಅತ್ತೆ ವ್ಯಾಸಪೀಠ ದೇವರ ಮನೆಗೆ ಒಯ್ದರು. ಬಡಿಗೇರರನ್ನು ಕೇಳಿದೆ, ಅಂಥದ್ದೇ ಒಂದಕ್ಕೆ 400 ಅಂತಾರೆ. 300ಕ್ಕೆ ಬಾ ಅಂತ ಕೂತಿದ್ದೇನೆ.