ತೋರಿಸಿದ್ದು ರಟ್ಟೆ, ಸಿಕ್ಕಿದ್ದು ಹೆಗಲಲ್ಲಿ

ದಾವಣಗೆರೆಯಲ್ಲಿ ಫಿಸಿಯೋಥೆರಪಿ ಶುರು ಮಾಡಿದ ಮೊದಲ ವರ್ಷದ ಮಾತು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬರು ಬಂದರು, ವಯಸ್ಸು 50ರ ಆಸುಪಾಸು. ಹೆಗಲ ಮೇಲಿನ ಟವೆಲ್ ತೆಗೆದು, ಭುಜದ ತುದಿಯಿಂದ ಐದಾರು ಬೆರಳು ಕೆಳಗೆ, ಬಲರಟ್ಟೆಯ ಹೊರಬದಿಯನ್ನು ಅಂಗೈಯಲ್ಲಿ ಉಜ್ಜಿ ತೋರಿಸಿದರು. "ಇಲ್ಲೇ ನೋಡ್ರಿ ಸಾರ್. ರಾತ್ರಿ ಈ ಮಗ್ಗುಲಿಗೆ ಮಲಗಾಕ ಆಗಲ್ರಿ."

ಡೆಲ್ಟಾಯ್ಡ್ ಸ್ನಾಯು ಬಂದು ತೋಳಿನ ಎಲುಬಿಗೆ ಅಂಟುವುದು ಹೆಚ್ಚುಕಡಿಮೆ ಅಲ್ಲೇ. ಸರಿ, ನೋವೂ ಅದರದ್ದೇ ಎಂದುಕೊಂಡೆ. ಎರಡು ವಾರ ಅಲ್ಲಿಗೇ ಶಾಖ, ಅಲ್ಲಿಗೇ ಅಲ್ಟ್ರಾಸೌಂಡ್ ಚಿಕಿತ್ಸೆ. ನೋವು ಜಪ್ಪಯ್ಯ ಅನ್ನಲಿಲ್ಲ. "ಇದಕ್ಕಿಂತ ಭಟ್ಟಿ ಮುಂದ ನಿಂತ್ರೇ ಚಲೋ ಶಾಖ ಸಿಗತೈತಿ ಬಿಡ್ರಿ" ಎಂದು ಅವರೇ ನಕ್ಕರು.

ನನ್ನ ತಪ್ಪು ಗೊತ್ತಾದದ್ದು ಅವರು ಅಂಗಿ ತೊಡುವಾಗ. ಕೈ ಮೇಲೇಳುವ ಮೊದಲೇ ಹೆಗಲು ಕಿವಿಯ ಕಡೆ ಜಿಗಿಯಿತು. ತೋಳು ಅರ್ಧ ಎದ್ದಾಗ ಮುಖ ಕಿವುಚಿದರು. ಇನ್ನೂ ಮೇಲೆ ಹೋದಮೇಲೆ ಮುಖ ಸಡಿಲವಾಯಿತು. ಕೋನದ ಲೆಕ್ಕದಲ್ಲಿ ಸುಮಾರು 60ರಿಂದ 120 ಡಿಗ್ರಿಯ ನಡುವೆ ಮಾತ್ರ ನೋವು. ಡೆಲ್ಟಾಯ್ಡೇ ಕೆಟ್ಟಿದ್ದರೆ ಹೀಗೆ ನಡುವೆ ಬಂದು ಹೋಗುತ್ತಿರಲಿಲ್ಲ.

ಕಾಲೇಜಿನ ಡಿಸೆಕ್ಷನ್ ಹಾಲ್ ನೆನಪಾಯಿತು. ಡೆಲ್ಟಾಯ್ಡನ್ನು ಮೇಲಿನ ಅಂಚಿನಲ್ಲಿ ಬಿಡಿಸಿ ಕೆಳಕ್ಕೆ ಮಡಚಿದಾಗ ಅಡಿಯಲ್ಲಿ ತೆಳ್ಳನೆಯ, ಜಾರುವ ಒಂದು ಚೀಲವಿತ್ತು, ಬರ್ಸಾ. ಅದರ ಅಡಿಯಲ್ಲಿ ಸುಪ್ರಾಸ್ಪೈನೇಟಸ್ ಎಂಬ ಸ್ನಾಯುವಿನ ಸ್ನಾಯುರಜ್ಜು, ಅಂದರೆ ಅದನ್ನು ಎಲುಬಿಗೆ ಕಟ್ಟುವ ಹುರಿ. ಪರೀಕ್ಷೆಗೆ ಹೆಸರು ಬಾಯಿಪಾಠ ಮಾಡಿದ್ದೆ, ಅಷ್ಟೇ.

ನಿಮ್ಮ ಮೇಲೇ ನೋಡಿಕೊಳ್ಳಿ. ಎಡಗೈ ಬೆರಳನ್ನು ಬಲಗಡೆಯ ಕೊರಳೆಲುಬಿನ ಮೇಲೆ ಹೊರಕ್ಕೆ ಜಾರಿಸುತ್ತ ಹೋದರೆ ಭುಜದ ತುದಿಯಲ್ಲಿ ಚಪ್ಪಟೆ ಎಲುಬು ಸಿಗುತ್ತದೆ. ಅದು ಅಕ್ರೋಮಿಯನ್, ಕೀಲಿನ ಸೂರು. ಅಲ್ಲಿಂದ ಹಿಂದಕ್ಕೆ ತಿರುಗಿದರೆ ಹೆಗಲ ಹಲಗೆಯ ಏಣು. ಡೆಲ್ಟಾಯ್ಡ್ ಈ ಮೂರರಿಂದಲೂ ಹೊರಡುತ್ತದೆ: ಮುಂದೆ ಕೊರಳೆಲುಬಿನ ಹೊರಗಿನ ಮೂರನೇ ಒಂದು ಭಾಗ, ನಡುವೆ ಅಕ್ರೋಮಿಯನ್, ಹಿಂದೆ ಏಣು. ಆ ಏಣಿನ ಮೇಲಿರುವ ತಗ್ಗಿನಲ್ಲಿ ಬೆರಳು ಊರಿ, ತೋಳನ್ನು ಒಂದು ಗೇಣು ಪಕ್ಕಕ್ಕೆ ಎತ್ತಿ. ಆಳದಲ್ಲಿ ಏನೋ ಬಿಗಿಯಾಗುತ್ತದಲ್ಲ, ಅದೇ ಸುಪ್ರಾಸ್ಪೈನೇಟಸ್. ಮೇಲೆ ಟ್ರಪೀಜಿಯಸ್ ಎಂಬ ಇನ್ನೊಂದು ಸ್ನಾಯು ಹೊದ್ದುಕೊಂಡಿರುವುದರಿಂದ ನನಗೆ ಇದು ಕೈಗೆ ಹತ್ತಲು ತಿಂಗಳುಗಳೇ ಬೇಕಾದವು.

ಶಾಲೆಯಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟು ಓಡುತ್ತಿದ್ದೆವಲ್ಲ, ಭುಜದ ಕೀಲು ಹೆಚ್ಚುಕಡಿಮೆ ಹಾಗೆಯೇ. ತೋಳಿನೆಲುಬಿನ ಗುಂಡಿನ ಮೂರನೇ ಒಂದು ಭಾಗಕ್ಕೂ ಗೂಡು ಸಾಲುವುದಿಲ್ಲ. ಹಣ್ಣು ಉರುಳದಂತೆ ಹಿಡಿಯುವ ಬೆರಳುಗಳು ನಾಲ್ಕು: ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೀಸ್ ಮೈನರ್, ಮುಂದೆ ಸಬ್‌ಸ್ಕ್ಯಾಪುಲಾರಿಸ್. ತೋಳು ಕೆಳಗಿದ್ದಾಗ ಡೆಲ್ಟಾಯ್ಡ್ ಎಳೆದರೆ ಗುಂಡು ನೆಟ್ಟಗೆ ಮೇಲಕ್ಕೇ ಹೋಗುತ್ತದೆ, ಸೂರಿಗೆ ತಾಗುತ್ತದೆ. ಈ ನಾಲ್ಕು ಅದನ್ನು ಗೂಡಿಗೆ ಒತ್ತಿ ಹಿಡಿದರೆ ಮಾತ್ರ ತೋಳು ತಿರುಗಿ ಏಳುತ್ತದೆ. ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ಕೈ ಚಾಚಿ ದಿನವಿಡೀ ಕೆದಕುವವರಲ್ಲಿ ಈ ಹಿಡಿತ ದಣಿಯುತ್ತದೆ; ಸೂರಿಗೂ ಗುಂಡಿಗೂ ನಡುವೆ ಸ್ನಾಯುರಜ್ಜು ನಲುಗುತ್ತದೆ. ಆ ರಜ್ಜುವಿಗೂ ರಟ್ಟೆಯ ಹೊರಬದಿಗೂ ಕುತ್ತಿಗೆಯ ಸಿ5 ಎಂಬ ಒಂದೇ ನರಬೇರಿನ ಪಾಲಿದೆ, ಅದಕ್ಕೇ ನೋವು ಕೆಳಗೆ ಕಾಣಿಸುತ್ತದೆ.

ಶಾಖ ನಿಲ್ಲಿಸಿದೆ. ಮೊಣಕೈಯನ್ನು ಪಕ್ಕೆಗೆ ಅಂಟಿಸಿ ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯುವುದು, ಗೋಡೆಗೆ ಕೈಯೂರಿ ಹೆಗಲ ಹಲಗೆಯನ್ನು ಮುಂದಕ್ಕೆ ತಳ್ಳುವುದು, ಇಷ್ಟೇ ಹೇಳಿಕೊಟ್ಟೆ. ತೋಳು 180 ಡಿಗ್ರಿ ಏಳಲು ಸುಮಾರು 60 ಡಿಗ್ರಿ ಹಲಗೆಯೇ ತಿರುಗಬೇಕು, ಅದನ್ನು ಬಿಟ್ಟು ಭುಜಕ್ಕೊಂದೇ ವ್ಯಾಯಾಮ ಕೊಟ್ಟರೆ ಅರ್ಧ ಕೆಲಸ. ಭಟ್ಟಿಗೆ ಒಂದು ಹೆಜ್ಜೆ ಹತ್ತಿರ ನಿಂತು ಕೆದಕಿ ಎಂದಾಗ ಮಾತ್ರ "ಸುಡತೈತಲ್ರಿ ಸಾರ್" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎಡಗೈ ಬಲಗೈ ಬದಲಿಸಿಕೊಳ್ಳುವುದಕ್ಕೆ ಒಪ್ಪಿದರು. ಎರಡು ತಿಂಗಳಿಗೆ ಆ ಮಗ್ಗುಲಿಗೆ ಮಲಗಿದರು. ಕೆಲಸ ಹೆಚ್ಚಾದಾಗ ಈಗಲೂ ಒಮ್ಮೊಮ್ಮೆ ಬರುತ್ತಾರೆ.

ಹಾಗಂತ ಡೆಲ್ಟಾಯ್ಡ್ ಯಾವತ್ತೂ ನಿರಪರಾಧಿಯೇನಲ್ಲ. ಒಮ್ಮೆ ಕುಸ್ತಿ ಆಡುವ ಹುಡುಗನೊಬ್ಬ ಬಂದ. ಅಖಾಡದಲ್ಲಿ ಭುಜ ಜಾರಿತ್ತು, ಅಲ್ಲೇ ಯಾರೋ ಎಳೆದು ಕೂರಿಸಿದ್ದರು. ಮೂರು ವಾರ ಕಳೆದರೂ ಕೈ ಪಕ್ಕಕ್ಕೆ ಏಳುತ್ತಿರಲಿಲ್ಲ. ಕನ್ನಡಿ ಮುಂದೆ ನಿಲ್ಲಿಸಿದರೆ ಎಡಭುಜ ಗುಂಡಗೆ, ಬಲಭುಜದ ಮೂಲೆ ಪೆಟ್ಟಿಗೆಯ ಹಾಗೆ ಎದ್ದು ಕಾಣುತ್ತಿತ್ತು. ಡೆಲ್ಟಾಯ್ಡಿಗೆ ಹೋಗುವ ಆಕ್ಸಿಲರಿ ನರ ತೋಳಿನೆಲುಬಿನ ಕತ್ತನ್ನು ಹಿಂದಿನಿಂದ ಬಳಸಿ ಬರುತ್ತದೆ, ಗುಂಡು ಜಾರಿದಾಗ ಎಳೆತಕ್ಕೆ ಸಿಗುವುದು ಅದೇ. (ಭುಜಕ್ಕೆ ಇಂಜೆಕ್ಷನ್ ಕೊಡುವವರು ಅಕ್ರೋಮಿಯನ್‌ನಿಂದ ಎರಡು ಮೂರು ಬೆರಳಿಗಿಂತ ಕೆಳಗೆ ಹೋಗದಿರುವುದೂ ಈ ನರದ ದೆಸೆಯಿಂದಲೇ.) ಕಣ್ಣು ಮುಚ್ಚಿಸಿ ಹತ್ತಿ ಮುಟ್ಟಿಸಿದೆ. ಭಟ್ಟಿಯವರು ಉಜ್ಜಿ ತೋರಿಸಿದ್ದ ಜಾಗಕ್ಕಿಂತ ತುಸು ಮೇಲೆ, ಅಂಗೈಯಗಲದಷ್ಟು ಚರ್ಮದಲ್ಲಿ "ಮುಟ್ಟಿದ್ರಾ ಸಾರ್?" ಎಂದ. ವ್ಯಾಯಾಮ ಶುರುಮಾಡದೆ ಮೂಳೆ ಡಾಕ್ಟರಿಗೆ ಚೀಟಿ ಬರೆದುಕೊಟ್ಟೆ. ನಾಲ್ಕು ತಿಂಗಳ ಮೇಲೆ, ಹತ್ತಿ ಮುಟ್ಟಿಸುವ ಮೊದಲೇ ಹುಡುಗ ಕೈಯನ್ನು ಪಕ್ಕಕ್ಕೆ ಒಂದು ಮೊಳ ಎತ್ತಿ ತೋರಿಸಿದ.